ಪಾಪ್ ಕಲೆ, ಸಂಗೀತ ವೀಡಿಯೋ ಮತ್ತು ಮಾಡಿದವರ ಹೆಸರು

ಕಲೆಯೆಂದರೆ ಇಷ್ಟು, ಇದರಾಚೆಗಿನದು ಕಲೆಯಲ್ಲ ಎಂದು ಗೆರೆ ಕೊರೆದು ಹೇಳುವುದು ಯಾವ ಕಾಲದಲ್ಲಿಯೂ ಸುಲಭವಾಗಿರಲಿಲ್ಲ. ಆದರೆ 1964ರ ಏಪ್ರಿಲ್ ತಿಂಗಳಲ್ಲಿ ನ್ಯೂಯಾರ್ಕ್ ನಗರದ ಸ್ಟೇಬಲ್ ಗ್ಯಾಲರಿಗೆ ಹೋದವರಿಗೆ ಆ ಗೆರೆಯೇ ಅಳಿಸಿಹೋದಂತೆ ತೋರಿರಬೇಕು. ಕಿರಾಣಿ ಅಂಗಡಿಯ ಉಗ್ರಾಣದಲ್ಲಿ ಇರುವ ಹಾಗೆ ಅಲ್ಲಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿಡಲಾಗಿತ್ತು. ಪಾತ್ರೆ ತಿಕ್ಕಲು ಬಳಸುವ, ಸಾಬೂನು ಬೆರೆತ ಉಕ್ಕಿನ ನಾರನ್ನು ಮಾರುವ ಬ್ರಿಲ್ಲೊ ಕಂಪನಿಯ ಕೆಂಪು, ನೀಲಿ, ಬಿಳಿ ಬಣ್ಣದ ಪೆಟ್ಟಿಗೆಗಳೇ ಅವು ಎಂದು ಯಾರಾದರೂ ಹೇಳುವಂತಿದ್ದವು. ಮುಟ್ಟಿ ನೋಡಿದರೆ ಮಾತ್ರ ರಟ್ಟಿನವಲ್ಲ, ಪ್ಲೈವುಡ್ಡಿನವು. ಮೇಲಿನ ಅಕ್ಷರಗಳೂ ಗುರುತುಗಳೂ ಸಿಲ್ಕ್ ಸ್ಕ್ರೀನ್ ಅಚ್ಚಿನಿಂದ ಒತ್ತಿದವು. ಒಳಗೆ ಏನೂ ಇರಲಿಲ್ಲ. ಇವುಗಳನ್ನು ಮಾಡಿಸಿ ಅಲ್ಲಿ ಇಟ್ಟವರು ಆಂಡಿ ವಾರ್ಹಾಲ್.

ಆ ಪ್ರದರ್ಶನವನ್ನು ನೋಡಿದವರಲ್ಲಿ ಆರ್ಥರ್ ಡಾಂಟೊ ಎಂಬ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೂ ಒಬ್ಬರು. ಅಂಗಡಿಯ ಪೆಟ್ಟಿಗೆಗೂ ಗ್ಯಾಲರಿಯ ಪೆಟ್ಟಿಗೆಗೂ ಕಣ್ಣಿಗೆ ಕಾಣುವ ಭೇದವಿಲ್ಲದಿರುವಾಗ, ಒಂದು ಬರಿಯ ಸರಕಾಗಿ ಇನ್ನೊಂದು ಕಲೆಯಾಗುವುದು ಯಾವುದರಿಂದ ಎಂಬ ಪ್ರಶ್ನೆಯನ್ನು ಹಿಡಿದು ಅವರು ಅದೇ ವರ್ಷ ಒಂದು ಪ್ರಬಂಧವನ್ನು ಬರೆದರು. ಭೇದವು ವಸ್ತುವಿನ ಮೈಮೇಲಿಲ್ಲ, ಕಲೆಯ ಇತಿಹಾಸ ಮತ್ತು ವಿಚಾರಗಳು ಸೇರಿ ಕಟ್ಟಿರುವ ಒಂದು ಲೋಕದಲ್ಲಿದೆ ಎಂಬುದು ಅವರ ಉತ್ತರದ ಸಾರ. ಅಂದಿನಿಂದ ಈ ಪೆಟ್ಟಿಗೆಗಳ ಕುರಿತು ಬರೆದ ಪುಟಗಳನ್ನು ಪೇರಿಸಿದರೆ ಅವು ಪೆಟ್ಟಿಗೆಗಳಿಗಿಂತ ಎತ್ತರವಾದಾವು.

ಈ ಚರ್ಚೆಯಲ್ಲಿ ಬಹುಕಾಲ ಯಾರೂ ಕೇಳದಿದ್ದ ಇನ್ನೊಂದು ಪ್ರಶ್ನೆಯಿದೆ. ಅಂಗಡಿಯಲ್ಲಿದ್ದ ಆ ಮೂಲ ಪೆಟ್ಟಿಗೆಯನ್ನು ರೂಪಿಸಿದವರು ಯಾರು? ಜೇಮ್ಸ್ ಹಾರ್ವೆ ಎಂಬ ಚಿತ್ರಕಾರರು. ಅವರು ಬರೆಯುತ್ತಿದ್ದುದು ಅಮೂರ್ತ ಶೈಲಿಯ ವರ್ಣಚಿತ್ರಗಳನ್ನು; ಹೊಟ್ಟೆಪಾಡಿಗಾಗಿ ಕಂಪನಿಗಳ ಪೆಟ್ಟಿಗೆಗಳಿಗೆ ವಿನ್ಯಾಸ ಮಾಡಿಕೊಡುತ್ತಿದ್ದರು. ಆ ಪ್ರದರ್ಶನಕ್ಕೆ ಹಾರ್ವೆ ಕೂಡ ಹೋಗಿದ್ದರು. ತಾವು ಸಂಬಳಕ್ಕಾಗಿ ಮಾಡಿಕೊಟ್ಟ ಕೆಲಸ ಇನ್ನೊಬ್ಬರ ಹೆಸರಿನಲ್ಲಿ ಕಲೆಯಾಗಿ ನಿಂತಿರುವುದನ್ನು ಕಣ್ಣಾರೆ ಕಂಡರು. ಮರುವರ್ಷವೇ, ನಲವತ್ತನ್ನು ಮುಟ್ಟುವ ಮೊದಲೇ, ತೀರಿಕೊಂಡರು. ಅಮೂರ್ತ ಚಿತ್ರಕಾರನಾಗಿ ಅವರು ಬಯಸಿದ ಕೀರ್ತಿ ದೊರೆಯಲಿಲ್ಲ. ದೊರೆಯಬಹುದಾಗಿದ್ದ ಇನ್ನೊಂದು ಕೀರ್ತಿಯ ಮೇಲೆ ಅವರ ಹೆಸರಿರಲಿಲ್ಲ.

ಪಾಪ್ ಕಲೆಯನ್ನೂ ಅದರ ಕಿರಿಯ ಸೋದರಿಯಾದ ಸಂಗೀತ ವೀಡಿಯೋವನ್ನೂ ಮನಸಾರೆ ಮೆಚ್ಚುವ ರಸಿಕನು ಈ ಸಂಗತಿಯನ್ನು ಮರೆಮಾಚದೆ ಎದುರಿಗಿಟ್ಟುಕೊಂಡೇ ತನ್ನ ಮೆಚ್ಚುಗೆಯನ್ನು ಹೇಳಬೇಕು. ಈ ಕಲೆಗಳು ಕೀಳೆಂದು ತಳ್ಳಿಹಾಕುವವರಿಗೆ ಉತ್ತರ ಕೊಡುವುದು ಸುಲಭ. ಕಷ್ಟವಾದದ್ದು ಬೇರೊಂದು. ಸಾಮಾನ್ಯರ ಬಳಕೆಯ ವಸ್ತುವಿಗೆ ಗೌರವ ಕೊಟ್ಟೆನೆಂದು ಹೇಳಿಕೊಳ್ಳುವ ಕಲೆ, ಆ ವಸ್ತುವನ್ನು ಮಾಡಿದ ಸಾಮಾನ್ಯನಿಗೆ ಗೌರವ ಕೊಟ್ಟಿತೆ ಎಂಬ ಪ್ರಶ್ನೆಯದು.

ಮೊದಲು ಮೆಚ್ಚಬೇಕಾದುದನ್ನು ಮೆಚ್ಚೋಣ. ಪಾಪ್ ಕಲೆ ಅಮೆರಿಕೆಯದೆಂದು ಸಾಮಾನ್ಯವಾಗಿ ತಿಳಿಯಲಾಗಿದೆಯಾದರೂ ಅದರ ಮೊದಲ ಹೆಜ್ಜೆಗಳು ಕಂಡುಬರುವುದು ಇಂಗ್ಲೆಂಡಿನಲ್ಲಿ. 1956ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಯಲ್ಲಿ ನಡೆದ ಪ್ರದರ್ಶನವೊಂದಕ್ಕಾಗಿ ರಿಚರ್ಡ್ ಹ್ಯಾಮಿಲ್ಟನ್ ಅವರು ಪತ್ರಿಕೆಗಳ ಜಾಹೀರಾತು ಚಿತ್ರಗಳನ್ನು ಕತ್ತರಿಸಿ ಅಂಟಿಸಿ ಒಂದು ಮನೆಯ ಒಳಾಂಗಣವನ್ನು ಕಟ್ಟಿದರು. ಅದರಲ್ಲಿ ಟೆಲಿವಿಷನ್, ಟೇಪ್ ರೆಕಾರ್ಡರ್, ಡಬ್ಬಿಯ ಮಾಂಸ, ಗೋಡೆಗೆ ತೂಗುಹಾಕಿದ ಕಾಮಿಕ್ಸ್ ಪುಸ್ತಕದ ಮುಖಪುಟ ಎಲ್ಲವೂ ಇದ್ದವು. ಮಹಾಯುದ್ಧ ಮುಗಿದು ಹತ್ತು ವರ್ಷವಷ್ಟೇ ಆಗಿತ್ತು. ಆಹಾರದ ರೇಷನ್ ಪದ್ಧತಿಯಿಂದ ಹೊರಬಂದು ಎರಡೇ ವರ್ಷವಾಗಿದ್ದ ಬ್ರಿಟನ್ನಿಗೆ ಅಮೆರಿಕೆಯ ಜಾಹೀರಾತುಗಳು ಬೇರೊಂದು ಲೋಕದಿಂದ ಬಂದ ಪತ್ರಗಳಂತಿದ್ದವು. ಆಸೆಯೂ ನಗೆಯೂ ಕೂಡಿದ ಆ ನೋಟವೇ ಪಾಪ್ ಕಲೆಯ ಹುಟ್ಟುಗುಣ.

ಅಮೆರಿಕೆಯಲ್ಲಿ ಅದು ಬೇರೆಯ ಮಣ್ಣಿನಲ್ಲಿ ಬೆಳೆಯಿತು. 1928ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಹುಟ್ಟಿದ ವಾರ್ಹಾಲ್ ಸುಮಾರು ಹತ್ತು ವರ್ಷ ಜಾಹೀರಾತಿನ ಚಿತ್ರಗಳನ್ನು, ವಿಶೇಷವಾಗಿ ಪಾದರಕ್ಷೆಗಳ ಚಿತ್ರಗಳನ್ನು ಬರೆದೇ ಜೀವಿಸಿದವರು. ಹಾರ್ವೆಯ ಪಾಡು ಅವರಿಗೆ ತಿಳಿಯದ್ದೇನೂ ಆಗಿರಲಿಲ್ಲ. 1962ರಲ್ಲಿ ಲಾಸ್ ಏಂಜಲೀಸಿನ ಫೆರಸ್ ಗ್ಯಾಲರಿಯಲ್ಲಿ ಅವರು ಕ್ಯಾಂಪ್‌ಬೆಲ್ ಕಂಪನಿಯ ಸೂಪಿನ ಡಬ್ಬಿಗಳ 32 ಚಿತ್ರಗಳನ್ನು ತೂಗುಹಾಕಿದರು. ಕಂಪನಿ ಮಾರುತ್ತಿದ್ದ ಸೂಪಿನ ಬಗೆಗಳು 32, ಚಿತ್ರಗಳೂ 32. ಹತ್ತಿರದ ಇನ್ನೊಂದು ಗ್ಯಾಲರಿಯವರು ನಿಜವಾದ ಡಬ್ಬಿಗಳನ್ನೇ ಕಿಟಕಿಯಲ್ಲಿ ಪೇರಿಸಿಟ್ಟು, ತಮ್ಮಲ್ಲಿ ಅಸಲು ಮಾಲು ಅಗ್ಗವಾಗಿ ಸಿಗುತ್ತದೆಂದು ಹಾಸ್ಯ ಮಾಡಿದರಂತೆ. ಆ ಗ್ಯಾಲರಿಯ ಇರ್ವಿಂಗ್ ಬ್ಲಮ್ ಅವರು ಅಷ್ಟೂ ಚಿತ್ರಗಳನ್ನು ಬಿಡಿಯಾಗಿ ಮಾರದೆ, ಸಾವಿರ ಡಾಲರಿಗೆ, ಅದೂ ಕಂತಿನಲ್ಲಿ, ತಾವೇ ಇಟ್ಟುಕೊಂಡರು. ಇಂದು ಅವು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿವೆ. ವಾರ್ಹಾಲ್ ಎಂದರೆ ಯಂತ್ರದಂತೆ ಅಚ್ಚೊತ್ತುವವರು ಎಂಬ ಪ್ರಸಿದ್ಧಿಯಿದ್ದರೂ ಈ 32 ಚಿತ್ರಗಳನ್ನು ಅವರು ಬಹುಮಟ್ಟಿಗೆ ಕೈಯಿಂದಲೇ ಬರೆದರು. ಸಿಲ್ಕ್ ಸ್ಕ್ರೀನಿನ ಕಡೆ ತಿರುಗಿದ್ದು ಅದರ ಬೆನ್ನಿಗೆ.

ಈ ಚಿತ್ರಗಳ ಮುಂದೆ ನಿಂತವನಿಗೆ ದೊರೆಯುವುದೇನು? ಒಂದು ಡಬ್ಬಿಯನ್ನು ದಿನಾಲು ಕಂಡವನು ಅದನ್ನು ನೋಡಿರುವುದಿಲ್ಲ. ಅದೇ ಡಬ್ಬಿ 32 ಸಲ ಎದುರಾದಾಗ ಮೊದಲು ಬೇಸರವಾಗುತ್ತದೆ. ಬೇಸರ ಕಳೆದ ಮೇಲೆ ಅಕ್ಷರದ ಬಳುಕು, ಕೆಂಪು ಬಿಳಿಯ ಪಾಲು, ನಡುವಿನ ಚಿನ್ನದ ಬಣ್ಣದ ಮುದ್ರೆ ಒಂದೊಂದಾಗಿ ಕಣ್ಣಿಗೆ ಬೀಳತೊಡಗುತ್ತವೆ. ಹೂವನ್ನು, ಹೊಳೆಯನ್ನು, ರಾಜರ ಮುಖವನ್ನು ನೋಡಲು ಕಲಿಸಿದ ಚಿತ್ರಕಲೆ ಅಂಗಡಿಯ ಡಬ್ಬಿಯನ್ನು ನೋಡಲು ಕಲಿಸಿರಲಿಲ್ಲ. ಇಪ್ಪತ್ತನೆಯ ಶತಮಾನದ ಮನುಷ್ಯನ ಕಣ್ಣಿಗೆ ಹೆಚ್ಚಾಗಿ ಬೀಳುವುದು ಡಬ್ಬಿಯೇ ಹೊರತು ಹೊಳೆಯಲ್ಲ. ಪಾಪ್ ಕಲೆ ಬದುಕಿನಿಂದ ದೂರವೆಂದು ಹೇಳುವವರು ಇದನ್ನು ಯೋಚಿಸಬೇಕು.

ರಾಯ್ ಲಿಕ್ಟೆನ್‌ಸ್ಟೈನ್ ಅವರ ವಿಷಯಕ್ಕೆ ಬಂದರೆ ಮೆಚ್ಚುಗೆಯೂ ತಕರಾರೂ ಒಟ್ಟಿಗೇ ಏಳುತ್ತವೆ. ಅಗ್ಗದ ಕಾಮಿಕ್ಸ್ ಪುಸ್ತಕಗಳ ಒಂದೊಂದು ಚೌಕವನ್ನು ಆಯ್ದು, ಮುದ್ರಣದ ಬಣ್ಣದ ಚುಕ್ಕೆಗಳ ಸಮೇತ, ಗೋಡೆಯಷ್ಟು ದೊಡ್ಡದಾಗಿ ಬರೆಯುವುದು ಅವರ ಕ್ರಮ. 1963ರಲ್ಲಿ ಬರೆದ ‘ಡ್ರೌನಿಂಗ್ ಗರ್ಲ್’ ಚಿತ್ರದಲ್ಲಿ ಅಲೆಗಳ ನಡುವೆ ಮುಳುಗುತ್ತಿರುವ ಯುವತಿಯೊಬ್ಬಳ ಮುಖವಿದೆ. ಇದರ ಮೂಲ 1962ರ ಒಂದು ಪ್ರಣಯ ಕಾಮಿಕ್ಸ್. ಅದನ್ನು ಬರೆದವರು ಟೋನಿ ಅಬ್ರೂಜೊ. ಮೂಲದಲ್ಲಿ ಹುಡುಗಿಯ ಹಿಂದೆ, ಮಗುಚಿದ ದೋಣಿಯನ್ನು ಹಿಡಿದ ಅವಳ ಪ್ರಿಯಕರನೂ ಇದ್ದಾನೆ. ಲಿಕ್ಟೆನ್‌ಸ್ಟೈನ್ ಅವನನ್ನೂ ದೋಣಿಯನ್ನೂ ತೆಗೆದುಹಾಕಿ, ಹುಡುಗಿಯನ್ನೂ ನೀರನ್ನೂ ಮಾತ್ರ ಉಳಿಸಿಕೊಂಡು, ಅಲೆಯ ಸುಳಿಯನ್ನು ಕೂದಲಿನ ಸುಳಿಯೊಡನೆ ಬೆರೆಸಿದರು. ಕಥೆಯ ಒಂದು ಘಟನೆಯಾಗಿದ್ದದ್ದು ಒಂಟಿತನದ ಒಂದು ರೂಪವಾಯಿತು. ಇದು ನಕಲಲ್ಲ, ನಿಜವಾದ ಕೆಲಸ. ಅದೇ ವರ್ಷದ ‘ವ್ಹಾಮ್!’ ಎಂಬ ವಿಮಾನಯುದ್ಧದ ಚಿತ್ರ ಸುಮಾರು ನಾಲ್ಕು ಮೀಟರು ಅಗಲದ್ದು. 1966ರಲ್ಲಿ ಲಂಡನ್ನಿನ ಟೇಟ್ ಗ್ಯಾಲರಿ ಅದನ್ನು ಕೊಂಡಿತು. ಅದರ ಪ್ರಧಾನ ಮೂಲ ಇರ್ವ್ ನೊವಿಕ್ ಅವರ ಯುದ್ಧ ಕಾಮಿಕ್ಸಿನ ಒಂದು ಚೌಕ.

ಅಬ್ರೂಜೊ, ನೊವಿಕ್ ಮುಂತಾದವರು ಪುಟಕ್ಕಿಷ್ಟು ಎಂಬ ಲೆಕ್ಕದಲ್ಲಿ ದುಡಿದವರು. ಬರೆದ ಪುಟದ ಮೇಲಿನ ಹಕ್ಕು ಪ್ರಕಾಶಕರದು. ಎಷ್ಟೋ ಪುಸ್ತಕಗಳಲ್ಲಿ ಅವರ ಹೆಸರೂ ಅಚ್ಚಾಗುತ್ತಿರಲಿಲ್ಲ. ಹೀಗಾಗಿ ಲಿಕ್ಟೆನ್‌ಸ್ಟೈನ್ ಮಾತ್ರವನ್ನು ದೂರುವುದು ನ್ಯಾಯವಲ್ಲ. ಹೆಸರನ್ನು ಮೊದಲು ಅಳಿಸಿದ್ದು ಕಾಮಿಕ್ಸ್ ವ್ಯಾಪಾರವೇ. ಆದರೆ ಚಿತ್ರದ ಬೆಲೆ ಕೋಟಿಗಳಿಗೆ ಏರಿದ ಮೇಲೂ ಆ ಅಳಿಸಿದ ಜಾಗ ಅಳಿಸಿದಂತೆಯೇ ಉಳಿದದ್ದಕ್ಕೆ ಕಾಮಿಕ್ಸ್ ವ್ಯಾಪಾರವನ್ನು ದೂರುವಂತಿಲ್ಲ.

ಚಿತ್ರದಿಂದ ಸಂಗೀತಕ್ಕೆ ಪಾಪ್ ಕಲೆ ದಾಟಿದ್ದು ಗ್ರಾಮಾಫೋನ್ ತಟ್ಟೆಯ ಹೊದಿಕೆಯ ಮೇಲೇರಿ. 1967ರಲ್ಲಿ ವಾರ್ಹಾಲ್ ‘ವೆಲ್ವೆಟ್ ಅಂಡರ್‌ಗ್ರೌಂಡ್’ ತಂಡದ ತಟ್ಟೆಗೆ ಸಿಪ್ಪೆ ಸುಲಿಯಬಹುದಾದ ಬಾಳೆಹಣ್ಣಿನ ಚಿತ್ರವನ್ನು ಅಂಟಿಸಿದರು. 1968ರಲ್ಲಿ ಹ್ಯಾಮಿಲ್ಟನ್ ಬೀಟಲ್ಸ್ ತಂಡದ ಜೋಡಿ ತಟ್ಟೆಗೆ ಅಪ್ಪಟ ಬಿಳಿಯ ಹೊದಿಕೆ ಮಾಡಿ, ಲಕ್ಷಗಟ್ಟಲೆ ಪ್ರತಿಗಳಲ್ಲಿ ಒಂದೊಂದಕ್ಕೂ ಕ್ರಮಸಂಖ್ಯೆ ಹಾಕಿಸಿದರು. ಆದರೆ ಇವೆರಡಕ್ಕಿಂತ ಹೆಚ್ಚು ಜನಪ್ರಿಯವಾದದ್ದು 1967ರ ‘ಸಾರ್ಜೆಂಟ್ ಪೆಪ್ಪರ್ಸ್’ ತಟ್ಟೆಯ ಹೊದಿಕೆ. ಬೀಟಲ್ಸ್ ನಾಲ್ವರ ಹಿಂದೆ ನಟರು, ಲೇಖಕರು, ಕ್ರೀಡಾಪಟುಗಳು, ಯೋಗಿಗಳು ಸಾಲುಗಟ್ಟಿ ನಿಂತಿರುವ ಚಿತ್ರವದು. ಜಾರ್ಜ್ ಹ್ಯಾರಿಸನ್ ಅವರ ಇಚ್ಛೆಯಂತೆ ಪರಮಹಂಸ ಯೋಗಾನಂದರೂ ಅವರ ಗುರುಪರಂಪರೆಯ ಲಾಹಿರಿ ಮಹಾಶಯ, ಶ್ರೀ ಯುಕ್ತೇಶ್ವರರೂ ಅಲ್ಲಿದ್ದಾರೆ. ಕೆಳಗೆ ಹೂವುಗಳ ನಡುವೆ ಪುಟ್ಟದೊಂದು ಲಕ್ಷ್ಮಿಯ ಬೊಂಬೆಯೂ ಇದೆ. ಮಹಾತ್ಮ ಗಾಂಧಿಯವರ ಚಿತ್ರವನ್ನೂ ಆ ಸಾಲಿನಲ್ಲಿ ಇಟ್ಟಿದ್ದರು. ಭಾರತದಲ್ಲಿ ಜನ ನೊಂದುಕೊಂಡಾರು, ಮಾರಾಟ ಕೆಟ್ಟೀತು ಎಂದು ಧ್ವನಿಮುದ್ರಣ ಕಂಪನಿಯ ಮುಖ್ಯಸ್ಥರು ಅಂಜಿದ್ದರಿಂದ ಅದನ್ನು ತೆಗೆಯಲಾಯಿತು.

ಈ ಹೊದಿಕೆಯನ್ನು ಮಾಡಿದವರು ಪೀಟರ್ ಬ್ಲೇಕ್ ಎಂದೇ ಹೆಚ್ಚಿನವರು ಹೇಳುತ್ತಾರೆ. ಅವರ ಪತ್ನಿಯಾಗಿದ್ದ ಅಮೆರಿಕೆಯ ಕಲಾವಿದೆ ಜಾನ್ ಹಾವರ್ತ್ ಅವರೂ ಸಮಪಾಲುದಾರರು. ಬಟ್ಟೆಯನ್ನು ಹೊಲಿದು, ಒಳಗೆ ತುಂಬಿ, ಆಳೆತ್ತರದ ಆಕೃತಿಗಳನ್ನು ಮಾಡುವುದರಲ್ಲಿ ಹಾವರ್ತ್ ಆಗಲೇ ಹೆಸರಾಗಿದ್ದವರು. ಹೊದಿಕೆಯ ಬಲಬದಿಯಲ್ಲಿ ಕುಳಿತಿರುವ ಬಟ್ಟೆಯ ಅಜ್ಜಿಯೂ ಅವಳ ತೊಡೆಯ ಮೇಲಿನ ಬೊಂಬೆಯೂ ಅವರ ಕೈಯವು. 1968ರ ಗ್ರ್ಯಾಮಿ ಪ್ರಶಸ್ತಿ ಇಬ್ಬರ ಹೆಸರಿಗೂ ಬಂದಿತು. ಪ್ರಶಸ್ತಿಯ ಮೇಲೆ ಹೆಸರಿದ್ದೂ ಜನರ ಬಾಯಲ್ಲಿ ಹೆಸರು ಉಳಿಯಲಿಲ್ಲವೆಂದರೆ, ಹೆಸರಿನ ಪ್ರಶ್ನೆ ಕಾಗದಪತ್ರದ್ದಷ್ಟೇ ಅಲ್ಲ ಎಂದಾಯಿತು.

ಹೊದಿಕೆಯ ಚಿತ್ರ ಕದಲತೊಡಗಿದರೆ ಏನಾದೀತು? ಸಂಗೀತ ವೀಡಿಯೋ ಆದೀತು. ಇದರ ವಂಶಾವಳಿಯನ್ನು ಹಿಂದಕ್ಕೆ ಎಷ್ಟು ದೂರ ಬೇಕಾದರೂ ಒಯ್ಯಬಹುದು. 1965ರಲ್ಲಿ ಲಂಡನ್ನಿನ ಒಂದು ಗಲ್ಲಿಯಲ್ಲಿ ನಿಂತು ಬಾಬ್ ಡಿಲನ್ ತಮ್ಮ ಹಾಡಿನ ಶಬ್ದಗಳನ್ನು ಬರೆದ ರಟ್ಟುಗಳನ್ನು ಒಂದೊಂದಾಗಿ ಬಿಸಾಡಿದ ದೃಶ್ಯವನ್ನು ಪೆನ್ನೆಬೇಕರ್ ಚಿತ್ರೀಕರಿಸಿದರು. ಅಕ್ಷರವನ್ನೇ ಚಿತ್ರವಾಗಿಸುವ ಆ ಯುಕ್ತಿ ಪಾಪ್ ಕಲೆಯ ಯುಕ್ತಿಯೇ. 1975ರಲ್ಲಿ ಕ್ವೀನ್ ತಂಡದ ‘ಬೊಹೀಮಿಯನ್ ರ‍್ಯಾಪ್ಸಡಿ’ಗೆ ಬ್ರೂಸ್ ಗೌವರ್ಸ್ ಕೆಲವೇ ಗಂಟೆಗಳಲ್ಲಿ ಚಿತ್ರ ತೆಗೆದುಕೊಟ್ಟರು. 1981ರ ಆಗಸ್ಟ್ 1ರಂದು ಅಮೆರಿಕೆಯಲ್ಲಿ ಎಂಟಿವಿ ಎಂಬ ಕೇಬಲ್ ವಾಹಿನಿ ಹಗಲಿರುಳೂ ಇವನ್ನೇ ತೋರಿಸಲು ಆರಂಭಿಸಿದ ಮೇಲೆ ಕಿವಿಯ ಸರಕು ಕಣ್ಣಿನ ಸರಕೂ ಆಯಿತು. ಆ ವಾಹಿನಿಯ ಮೊದಲ ವರ್ಷಗಳಲ್ಲಿ ಕರಿಯ ಜನಾಂಗದ ಕಲಾವಿದರು ಅಪರೂಪವಾಗಿದ್ದರು ಎಂಬುದನ್ನೂ ಹೇಳತಕ್ಕದ್ದು. 1983ರಲ್ಲಿ ಡೇವಿಡ್ ಬೋವಿ ಅವರು ಆ ವಾಹಿನಿಯ ಸಂದರ್ಶನದಲ್ಲಿಯೇ ಇದೇಕೆ ಹೀಗೆ ಎಂದು ನೇರವಾಗಿ ಕೇಳಿದರು. ಅದೇ ವರ್ಷ ಮೈಕಲ್ ಜ್ಯಾಕ್ಸನ್ ಅವರ ವೀಡಿಯೋಗಳು ಆ ಬಾಗಿಲನ್ನು ತೆರೆಸಿದವು. ವರ್ಷದ ಕೊನೆಯಲ್ಲಿ ಬಂದ, ಜಾನ್ ಲ್ಯಾಂಡಿಸ್ ನಿರ್ದೇಶಿಸಿದ ಸುಮಾರು ಹದಿನಾಲ್ಕು ನಿಮಿಷದ ‘ಥ್ರಿಲ್ಲರ್’ 2009ರಲ್ಲಿ ಅಮೆರಿಕೆಯ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು. ಆ ದಾಖಲೆಗೆ ಸೇರಿದ ಮೊದಲ ಸಂಗೀತ ವೀಡಿಯೋ ಅದು.

ಸಂಗೀತ ವೀಡಿಯೋ ಎಂದರೆ ತಟ್ಟೆ ಮಾರಲು ಮಾಡಿದ ಜಾಹೀರಾತು, ಕ್ಷಣಕ್ಕೊಂದು ದೃಶ್ಯ ಬದಲಿಸಿ ಕಣ್ಣು ಕುಕ್ಕುವ ಆಟ, ಹಾಡನ್ನು ಕೇಳಲು ಬಿಡದೆ ನೋಡಿಸುವ ಹಾವಳಿ ಎಂಬ ಆಕ್ಷೇಪಣೆ ಹಳೆಯದು. ಇದರಲ್ಲಿ ಸತ್ಯಾಂಶ ಇಲ್ಲದಿಲ್ಲ. ನೂರು ವೀಡಿಯೋಗಳಲ್ಲಿ ತೊಂಬತ್ತು ಮರೆಯತಕ್ಕವೇ. ಹಾಗೆ ನೋಡಿದರೆ ಅಚ್ಚಾದ ನೂರು ಕಾದಂಬರಿಗಳ ಗತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಮಾರಾಟಕ್ಕಾಗಿ ಹುಟ್ಟಿದ್ದು ಮಾರಾಟವನ್ನು ಮೀರಬಲ್ಲದೆ ಎಂಬುದೇ ಪ್ರಶ್ನೆ; ಮೀರಿದ ಒಂದೇ ಒಂದು ಉದಾಹರಣೆ ಇದ್ದರೂ ಆಕ್ಷೇಪಣೆ ಸಡಿಲವಾಗುತ್ತದೆ.

ಅಂಥ ಉದಾಹರಣೆ ನಾರ್ವೆಯ ‘ಆ-ಹಾ’ ತಂಡದ ‘ಟೇಕ್ ಆನ್ ಮಿ’. 1984ರಲ್ಲಿ ಬೇರೆ ವೀಡಿಯೋದೊಡನೆ ಹೊರಬಂದಾಗ ಆ ಹಾಡನ್ನು ಹೆಚ್ಚು ಜನ ಕೇಳಲಿಲ್ಲ. ಹಾಡನ್ನು ಮತ್ತೆ ಮುದ್ರಿಸಿ, 1985ರಲ್ಲಿ ಸ್ಟೀವ್ ಬ್ಯಾರನ್ ಅವರ ನಿರ್ದೇಶನದಲ್ಲಿ ಹೊಸ ವೀಡಿಯೋ ಮಾಡಲಾಯಿತು. ಉಪಾಹಾರಗೃಹದಲ್ಲಿ ಒಬ್ಬಳು ಹುಡುಗಿ ಕುಳಿತು ಮೋಟಾರು ಸೈಕಲ್ ಪಂದ್ಯದ ಕಾಮಿಕ್ಸ್ ಓದುತ್ತಿದ್ದಾಳೆ. ಪುಟದೊಳಗಿನ ನಾಯಕ ಕಣ್ಣು ಮಿಟುಕಿಸುತ್ತಾನೆ; ಪೆನ್ಸಿಲಿನ ಗೆರೆಗಳ ಒಂದು ಕೈ ಪುಟದಿಂದ ಹೊರಬಂದು ಅವಳನ್ನು ಕರೆಯುತ್ತದೆ. ಒಳಗೆ ಹೋದ ಅವಳೂ ಗೆರೆಗಳಾಗುತ್ತಾಳೆ. ಕನ್ನಡಿಯಂಥ ಒಂದು ಚೌಕಟ್ಟಿನ ಆಚೆ ಗೆರೆಯ ದೇಹ, ಈಚೆ ರಕ್ತಮಾಂಸದ ದೇಹ. ಇಬ್ಬರೂ ಅದರ ಸುತ್ತ ತಿರುಗಿದಂತೆ ಗೆರೆ ಮಾಂಸವಾಗಿ, ಮಾಂಸ ಗೆರೆಯಾಗಿ ಬದಲಾಗುತ್ತದೆ. ಹೊರಗೆ, ಹಣ ಕೊಡದೆ ಹುಡುಗಿ ಹೊರಟುಹೋದಳೆಂದು ಸಿಟ್ಟಿಗೆದ್ದ ಪರಿಚಾರಿಕೆ ಆ ಪುಸ್ತಕವನ್ನು ಮುದುಡಿ ಕಸದ ಬುಟ್ಟಿಗೆ ಎಸೆಯುತ್ತಾಳೆ. ಕಾಮಿಕ್ಸಿನ ಒಂದು ಚೌಕವನ್ನು ಲಿಕ್ಟೆನ್‌ಸ್ಟೈನ್ ಗೋಡೆಗೇರಿಸಿ ನಿಲ್ಲಿಸಿದರೆ, ಇಲ್ಲಿ ಚೌಕದೊಳಗಿನವನೇ ಗೋಡೆಗೆ ಮೈ ಅಪ್ಪಳಿಸಿಕೊಂಡು ಹೊರಗೆ ಬರಲು ಹೆಣಗುತ್ತಾನೆ. ಪಾಪ್ ಕಲೆಯ ಮೇಲೆ ಬರೆದ ಎಷ್ಟೋ ವಿಮರ್ಶೆಗಳು ಹೇಳಲಾಗದ್ದನ್ನು ನಾಲ್ಕು ನಿಮಿಷದ ಈ ವೀಡಿಯೋ ತೋರಿಸಿಬಿಟ್ಟಿತು.

ಆ ಗೆರೆಗಳನ್ನು ಎಳೆದವರು ಮೈಕಲ್ ಪ್ಯಾಟರ್ಸನ್ ಮತ್ತು ಕ್ಯಾಂಡೇಸ್ ರೆಕಿಂಜರ್. ಮೊದಲು ನಟರನ್ನಿಟ್ಟು ಚಿತ್ರೀಕರಿಸಿ, ಆ ಫಿಲ್ಮಿನ ಒಂದೊಂದು ಚೌಕಟ್ಟಿನ ಮೇಲೂ ಕೈಯಿಂದ ಪೆನ್ಸಿಲಿನ ಚಿತ್ರ ಬರೆಯಲಾಯಿತು. ಸುಮಾರು 3,000 ಚೌಕಟ್ಟುಗಳು. 16 ವಾರಗಳ ಕೆಲಸ. ಮುಂದಿನ ವರ್ಷ ಎಂಟಿವಿ ಅದಕ್ಕೆ ಆರು ಪ್ರಶಸ್ತಿಗಳನ್ನು ಕೊಟ್ಟಿತು. ‘ಟೇಕ್ ಆನ್ ಮಿ’ಯ ರಾಗವನ್ನು ಗುನುಗುವ ಲಕ್ಷಾಂತರ ಜನರಲ್ಲಿ ಈ ಇಬ್ಬರ ಹೆಸರು ಬಲ್ಲವರು ವಿರಳ. 1986ರಲ್ಲಿ ಪೀಟರ್ ಗೇಬ್ರಿಯೆಲ್ ಅವರ ‘ಸ್ಲೆಡ್ಜ್‌ಹ್ಯಾಮರ್’ ಹಾಡಿಗೆ ಸ್ಟೀಫನ್ ಜಾನ್ಸನ್ ನಿರ್ದೇಶಿಸಿದ ವೀಡಿಯೋದಲ್ಲಿ ಹಣ್ಣು, ಮೀನು, ಜೇಡಿಮಣ್ಣಿನ ಮುಖಗಳು ಕುಣಿಯುವುದನ್ನು ಕಂಡವರೂ ಹಾಗೆಯೇ. ಅದರ ಹಿಂದೆ ಚೌಕಟ್ಟು ಚೌಕಟ್ಟಾಗಿ ವಸ್ತುಗಳನ್ನು ಕದಲಿಸಿದ ಆರ್ಡ್‌ಮನ್ ಸಂಸ್ಥೆಯ ಕೈಗಳಿದ್ದವು. ಎಂಟಿವಿಯಲ್ಲಿ ಹಾಡು ಮೂಡುವಾಗ ತೆರೆಯ ಮೂಲೆಯಲ್ಲಿ ಗಾಯಕರ ಹೆಸರು, ಹಾಡಿನ ಹೆಸರು, ತಟ್ಟೆಯ ಹೆಸರು, ಕಂಪನಿಯ ಹೆಸರು ಕಾಣಿಸುತ್ತಿದ್ದವು. ನಿರ್ದೇಶಕರ ಹೆಸರು ಆ ಸಾಲಿಗೆ ಸೇರಿದ್ದು 1992ರಲ್ಲಿ, ವಾಹಿನಿ ಆರಂಭವಾಗಿ ಹನ್ನೊಂದು ವರ್ಷದ ಮೇಲೆ. ಆ ಒಂದು ಸಾಲಿನಿಂದಲೇ ಮಿಶೆಲ್ ಗಾಂಡ್ರಿಯಂಥವರನ್ನು ಹೆಸರು ಹಿಡಿದು ಹುಡುಕಿ ನೋಡುವ ಒಂದು ಪೀಳಿಗೆಯ ರಸಿಕರು ಹುಟ್ಟಿಕೊಂಡರು. ಹೆಸರು ಕಂಡರೆ ಕೃತಿಗಳನ್ನು ಹೋಲಿಸಬಹುದು, ಶೈಲಿಯನ್ನು ಗುರುತಿಸಬಹುದು, ಒಬ್ಬನ ಬೆಳವಣಿಗೆಯನ್ನು ಹಿಂಬಾಲಿಸಬಹುದು. ಹೆಸರಿಲ್ಲದ ಕಡೆ ಇದೊಂದೂ ಆಗದು.

ಈ ಪ್ರಶ್ನೆ ಕೊನೆಗೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಅದೂ ಪಾಪ್ ಕಲೆ, ಪಾಪ್ ಸಂಗೀತ ಎರಡೂ ಕೂಡಿದ ಒಂದು ಮೊಕದ್ದಮೆಯಲ್ಲಿ. 1981ರಲ್ಲಿ ಲಿನ್ ಗೋಲ್ಡ್‌ಸ್ಮಿತ್ ಎಂಬ ಛಾಯಾಗ್ರಾಹಕಿ, ಆಗಿನ್ನೂ ಮೇಲೇರುತ್ತಿದ್ದ ಗಾಯಕ ಪ್ರಿನ್ಸ್ ಅವರ ಭಾವಚಿತ್ರ ತೆಗೆದರು. 1984ರಲ್ಲಿ ‘ವ್ಯಾನಿಟಿ ಫೇರ್’ ಪತ್ರಿಕೆ 400 ಡಾಲರು ಕೊಟ್ಟು, ಒಂದು ಸಲದ ಬಳಕೆಗೆ ಮಾತ್ರ ಎಂಬ ಕರಾರಿನ ಮೇಲೆ ಅದನ್ನು ಪಡೆದು, ಅದರ ಆಧಾರದ ಮೇಲೆ ವಾರ್ಹಾಲ್ ಅವರಿಂದ ಒಂದು ಚಿತ್ರ ಬರೆಯಿಸಿತು. ಪತ್ರಿಕೆಯಲ್ಲಿ ಗೋಲ್ಡ್‌ಸ್ಮಿತ್ ಅವರ ಹೆಸರನ್ನೂ ಅಚ್ಚು ಮಾಡಿತು. ವಾರ್ಹಾಲ್ ಒಂದಕ್ಕೆ ನಿಲ್ಲದೆ, ಅದೇ ಮುಖದ ಒಟ್ಟು ಹದಿನಾರು ಚಿತ್ರಗಳನ್ನು ಮಾಡಿಟ್ಟಿದ್ದರು. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಅದೇ ಪ್ರಕಾಶನ ಸಂಸ್ಥೆ ತನ್ನ ವಿಶೇಷ ಸಂಚಿಕೆಯ ಮುಖಪುಟಕ್ಕೆ ಕಿತ್ತಳೆ ಬಣ್ಣದ ಇನ್ನೊಂದು ಚಿತ್ರವನ್ನು ಆರಿಸಿ, ವಾರ್ಹಾಲ್ ಪ್ರತಿಷ್ಠಾನಕ್ಕೆ 10,000 ಡಾಲರು ಕೊಟ್ಟಿತು. ಗೋಲ್ಡ್‌ಸ್ಮಿತ್ ಅವರಿಗೆ ಹಣವೂ ಇಲ್ಲ, ಈ ಸಲ ಹೆಸರೂ ಇಲ್ಲ.

2023ರ ಮೇ 18ರಂದು ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯ ಏಳಕ್ಕೆ ಎರಡರ ಬಹುಮತದಿಂದ ಗೋಲ್ಡ್‌ಸ್ಮಿತ್ ಅವರ ಕಡೆ ತೀರ್ಪಿತ್ತಿತು. ಮೂಲ ಛಾಯಾಚಿತ್ರವೂ ವಾರ್ಹಾಲ್ ಚಿತ್ರವೂ ಪತ್ರಿಕೆಯಲ್ಲಿ ಪ್ರಿನ್ಸ್ ಅವರನ್ನು ತೋರಿಸುವ ಒಂದೇ ಉದ್ದೇಶಕ್ಕೆ, ಅದೂ ವ್ಯಾಪಾರಕ್ಕಾಗಿ ಬಳಕೆಯಾದಾಗ, ಶೈಲಿ ಬದಲಾದುದಷ್ಟರಿಂದಲೇ ಮೂಲದ ಹಕ್ಕು ಅಳಿಯದು ಎಂಬುದು ತೀರ್ಪಿನ ತಿರುಳು. ಭಿನ್ನಮತ ಬರೆದ ನ್ಯಾಯಮೂರ್ತಿ ಎಲೀನಾ ಕೇಗನ್, ಒಬ್ಬರ ಕೃತಿಯಿಂದ ಇನ್ನೊಬ್ಬರು ಪಡೆದು ಹೊಸದನ್ನು ಮಾಡುವುದೇ ಕಲೆಯ ಇತಿಹಾಸವಾಗಿರುವಾಗ ಈ ತೀರ್ಪು ಸೃಜನಶೀಲತೆಯ ಕತ್ತು ಹಿಸುಕೀತೆಂದು ಎಚ್ಚರಿಸಿದರು. ಪಾಪ್ ಕಲೆಯ ರಸಿಕರಲ್ಲಿ ಬಹುಮಂದಿ ಆ ಭಿನ್ನಮತದ ಕಡೆಗೇ ವಾಲಿದರು. ಅವರ ಅಂಜಿಕೆ ನಿರಾಧಾರವಲ್ಲ; ಪ್ರತಿಯೊಂದು ಗೆರೆಗೂ ಪರವಾನಿಗೆ ಬೇಕಾದರೆ ಹ್ಯಾಮಿಲ್ಟನ್ ಅವರ ಕತ್ತರಿ ಮೊದಲ ದಿನವೇ ನಿಂತುಹೋಗುತ್ತಿತ್ತು. ಆದರೆ ತೀರ್ಪು ವಾರ್ಹಾಲ್ ಚಿತ್ರವನ್ನು ಬರೆದದ್ದು ತಪ್ಪೆಂದು ಹೇಳಲಿಲ್ಲ, ಗೋಡೆಯಿಂದ ಇಳಿಸಿರೆಂದೂ ಹೇಳಲಿಲ್ಲ. ಆ ಒಂದು ಮುಖಪುಟದ ಗಳಿಕೆಯಲ್ಲಿ ಮೂಲದವಳಿಗೂ ಪಾಲುಂಟು ಎಂದಿತು, ಅಷ್ಟೆ. 1984ರಲ್ಲಿ 400 ಡಾಲರೂ ಒಂದು ಸಾಲಿನ ಹೆಸರೂ ಕೊಟ್ಟಾಗ ಯಾರ ಸೃಜನಶೀಲತೆಗೂ ಧಕ್ಕೆಯಾಗಿರಲಿಲ್ಲ. 2016ರಲ್ಲಿ ಕೊಟ್ಟಿದ್ದರೂ ಆಗುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ವಾರ್ಹಾಲ್ ಅವರನ್ನು ದ್ವೇಷಿಸಬೇಕಾದ ಅಗತ್ಯವಿಲ್ಲ.

ಭಾರತಕ್ಕೆ ಈ ಮಾತು ಅನ್ವಯಿಸದೆ? ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದು ಬರೋಡೆಗೆ ಬಂದು ನೆಲಸಿದ ಭೂಪೇನ್ ಖಖ್ಖರ್ ಅವರನ್ನು ಭಾರತದ ಮೊದಲ ಪಾಪ್ ಕಲಾವಿದರೆಂದು ಕರೆಯುವುದುಂಟು. 1960ರ ದಶಕದಲ್ಲಿ ಬಜಾರಿನ ದೇವರ ಪಟಗಳನ್ನು ಕತ್ತರಿಸಿ ತಮ್ಮ ಚಿತ್ರಗಳಲ್ಲಿ ಅಂಟಿಸಿದ ಅವರು, 1972ರಲ್ಲಿ ‘ಜನತಾ ವಾಚ್ ರಿಪೇರಿಂಗ್’, ‘ಡಿಲಕ್ಸ್ ಟೈಲರ್ಸ್’ ಎಂಬ ಚಿತ್ರಗಳನ್ನು ಬರೆದರು. ಖಖ್ಖರ್ ಅವರ ವಿಶೇಷವೆಂದರೆ ಅವರು ಡಬ್ಬಿಯನ್ನಷ್ಟೇ ಬರೆಯಲಿಲ್ಲ. ಗಡಿಯಾರವನ್ನು ರಿಪೇರಿ ಮಾಡುವವನನ್ನು, ಬಟ್ಟೆ ಹೊಲಿಯುವವನನ್ನು ಅಂಗಡಿಯ ನಡುವೆ ಕೂರಿಸಿ ಬರೆದರು. ವಸ್ತುವಿನ ಜೊತೆಗೆ ಕೈಯೂ ಚಿತ್ರದಲ್ಲಿ ಬಂದಿತು. ಅವರು ಕತ್ತರಿಸಿದಂಥ ಬಜಾರು ಪಟಗಳ ಹಿಂದೆಯೂ ಚಿತ್ರಕಾರರಿದ್ದರು. ಆ ಬಗೆಯ ಚಿತ್ರಕಾರರಲ್ಲಿ ಅಗ್ರಗಣ್ಯರಾದ ಎಸ್. ಎಂ. ಪಂಡಿತರು 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಸಿನಿಮಾದ ಭಿತ್ತಿಪತ್ರಗಳಿಂದ ಹೆಸರಾಗಿ, ಪುರಾಣದ ಕ್ಯಾಲೆಂಡರ್ ಚಿತ್ರಗಳಿಂದ ಮನೆಮನೆಯ ಗೋಡೆಯನ್ನು ಸೇರಿದವರು. ಚಿತ್ರದ ಮೂಲೆಯಲ್ಲಿ ಅವರ ರುಜು ಇರುತ್ತಿತ್ತು. ಕ್ಯಾಲೆಂಡರಿನ ತಾರೀಖು ನೋಡಿದವರೆಷ್ಟು, ರುಜು ಓದಿದವರೆಷ್ಟು?

ಈಗಿನ ಸಂಗೀತ ವೀಡಿಯೋಗಳಲ್ಲಿ ಕನ್ನಡ ನಾಡಿನವರಿಗೆ ಹತ್ತಿರದ್ದೊಂದನ್ನು ನೋಡಬಹುದು. ಬೆಂಗಳೂರಿನಲ್ಲಿ ನೆಲೆಸಿದ ಮಲಯಾಳಿ ರ‍್ಯಾಪ್ ಗಾಯಕ ಹನುಮಾನ್‌ಕೈಂಡ್ ಅವರ ‘ಬಿಗ್ ಡಾಗ್ಸ್’ 2024ರ ಜುಲೈಯಲ್ಲಿ ಬಂದು, ಪ್ರಪಂಚದ ಮೂಲೆಮೂಲೆಗಳಲ್ಲಿ ಕೇಳಿಸಿತು. ಬಿಜಾಯ್ ಶೆಟ್ಟಿ ನಿರ್ದೇಶಿಸಿದ ಅದರ ವೀಡಿಯೋದಲ್ಲಿ ಬೆಲೆಬಾಳುವ ಅರಮನೆಗಳಿಲ್ಲ, ವಿದೇಶದ ಕಡಲತೀರಗಳಿಲ್ಲ. ಹಲಗೆಗಳನ್ನು ಬಾವಿಯಂತೆ ಸುತ್ತಲೂ ನಿಲ್ಲಿಸಿ, ಆ ನೆಟ್ಟನೆಯ ಗೋಡೆಯ ಮೇಲೆ ಮೋಟಾರು ಸೈಕಲ್ಲುಗಳನ್ನೂ ಕಾರನ್ನೂ ಓಡಿಸುವ ಸಾವಿನ ಬಾವಿಯ ಆಟವಿದೆ. ಕೇರಳದ ಪೊನ್ನಾನಿಯಲ್ಲಿ ತೆಗೆದದ್ದು. ಆದರೆ ಜಾತ್ರೆಗೆ ಹೋಗಿ ಆ ಏಣಿ ಹತ್ತಿ, ಅಂಚಿನಿಂದ ಬಗ್ಗಿ ನೋಡಿ, ಸವಾರನ ಕೈಗೆ ನೋಟು ಚಾಚಿದ ಯಾರಿಗಾದರೂ ಆ ಹಲಗೆಯ ನಡುಕ ಗುರುತು ಸಿಗುತ್ತದೆ. ಗಾಯಕ ಬಾವಿಯ ತಳದಲ್ಲಿ ನಿಂತು ಹಾಡುತ್ತಾರೆ. ಸವಾರರು, ಅವರಲ್ಲಿ ಹೆಂಗಸರೂ ಇದ್ದಾರೆ, ಅವರ ತಲೆಯ ಸುತ್ತ ಗೋಡೆಯ ಮೇಲೆ ಹಾಯುತ್ತಾರೆ. ಯಾವ ವಿದೇಶಿ ವೀಡಿಯೋದ ಅನುಕರಣೆಯೂ ಅಲ್ಲದ ಈ ದೃಶ್ಯ, ಬಳಕೆಯ ವಸ್ತುವನ್ನು ಬೆರಗಿನಿಂದ ಮತ್ತೆ ನೋಡುವಂತೆ ಮಾಡುವ ಪಾಪ್ ಕಲೆಯ ಗುಣವನ್ನು ಪೂರ್ಣವಾಗಿ ಪಡೆದಿದೆ. ನೋಡುವವನ ಎದೆ ಝಲ್ಲೆನ್ನುವುದು ಹಾಡಿನಿಂದ ಎಷ್ಟೋ, ಸವಾರರ ಹಿಡಿತದಿಂದಲೂ ಅಷ್ಟೇ. ವೀಡಿಯೋ ಪೂರ್ತಿ ನೋಡಿದ ತರುಣನು ಗಾಯಕನ ಹೆಸರಿನೊಡನೆ ನಿರ್ದೇಶಕನ ಹೆಸರನ್ನೂ ಹುಡುಕಿ, ಆ ಗೋಡೆಯ ಮೇಲೆ ಜೀವ ಪಣಕ್ಕಿಟ್ಟವರು ಯಾರೆಂದೂ ಕೇಳಿದನಾದರೆ ಅವನು ನೋಡುವುದನ್ನು ಕಲಿತಿದ್ದಾನೆ ಎನ್ನಬೇಕು.

ಸಾರ್ಜೆಂಟ್ ಪೆಪ್ಪರ್ಸ್ ಹೊದಿಕೆಯ ಜಾನ್ ಹಾವರ್ತ್ ಅವರ ಮಾತು ಅರ್ಧಕ್ಕೇ ನಿಂತಿತು. ಆ ಹೊದಿಕೆಯ ಸಾಲುಗಳಲ್ಲಿ ನಿಜಜೀವನದ ಹೆಂಗಸರು ತೀರ ಕಡಿಮೆ ಎಂಬ ಕೊರಗು ಅವರಿಗೆ ಉಳಿದಿತ್ತು. 2004ರಲ್ಲಿ, ತಾವು ನೆಲೆಸಿರುವ ಅಮೆರಿಕೆಯ ಸಾಲ್ಟ್ ಲೇಕ್ ಸಿಟಿಯ ಒಂದು ದೊಡ್ಡ ಗೋಡೆಯ ಮೇಲೆ ಅವರು ಮೂವತ್ತಕ್ಕೂ ಹೆಚ್ಚು ಸ್ಥಳೀಯ ಕಲಾವಿದರನ್ನು ಕೂಡಿಸಿಕೊಂಡು ಅದೇ ಚಿತ್ರವನ್ನು ಹೊಸ ಮುಖಗಳೊಡನೆ ಮತ್ತೆ ಬರೆದರು. ಆಮೇಲೆ ಮಗಳು ಲಿಬರ್ಟಿ ಬ್ಲೇಕ್ ಅವರೊಡನೆ ‘ವರ್ಕ್ ಇನ್ ಪ್ರೋಗ್ರೆಸ್’ ಎಂಬ ಭಿತ್ತಿಚಿತ್ರಗಳ ಕೆಲಸವನ್ನು ಕೈಗೆತ್ತಿಕೊಂಡರು. 2023ರಲ್ಲಿ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿ ಮತ್ತೆ ಬಾಗಿಲು ತೆರೆದಾಗ ಅಲ್ಲಿ ತೂಗುಹಾಕಿದ ಏಳು ಫಲಕಗಳ ಚಿತ್ರದಲ್ಲಿ ಸಾಧಕಿಯರಾದ 130 ಮಂದಿ ಹೆಂಗಸರು ನಿಂತಿದ್ದಾರೆ. ಅವರ ಮುಖಗಳ ಕೊರೆಯಚ್ಚುಗಳನ್ನು ಹಾವರ್ತ್ ತಾವೊಬ್ಬರೇ ಕತ್ತರಿಸಲಿಲ್ಲ. ಕಾರ್ಯಾಗಾರಗಳಿಗೆ ಬಂದ ಸಾಮಾನ್ಯ ಜನರ ಕೈಗೆ ಕತ್ತರಿ ಕೊಟ್ಟು ಮಾಡಿಸಿದರು.